ಬಾಡಿಗೆಯ ನೆಂಟರು

ಸೋಮಲಿಂಗಪ್ಪ ಹಲ್ಲುಜ್ಜುತ್ತ ಹಿತ್ತಲಿನಲ್ಲಿ ನಿಂತು ಮಹಡಿಯ ಮೆಟ್ಟಿಲನ್ನು ನೋಡಿದ. ತಾನೇ ಎದುರು ನಿಂತು ಕಟ್ಟಿಸಿದ ಮೆಟ್ಟಿಲು, ಆದರೆ ಈ ವಾರವೆಲ್ಲ ಅದು ಪರರ ಮನೆಯದೇನೋ ಎನ್ನುವಂತೆ ಕಾಣುತ್ತಿತ್ತು. ಹತ್ತಬೇಕು, ಬಾಗಿಲು ತಟ್ಟಬೇಕು, ಮೇಲೆ ಬಾಡಿಗೆಗಿರುವ ಸಂಜೀವಯ್ಯನಿಗೆ ಒಂದು ಮಾತು ಹೇಳಿ ಇಳಿದು ಬರಬೇಕು, ಅಷ್ಟೇ. ಬೀದಿಯಲ್ಲಿ ಮಹಡಿಯನ್ನೋ ಔಟ್‌ಹೌಸನ್ನೋ ಬಾಡಿಗೆಗೆ ಕೊಟ್ಟವರೆಲ್ಲ ಆಗಲೇ ತಮ್ಮ ತಮ್ಮ ಬಾಡಿಗೆದಾರರಿಗೆ ಹೇಳಿ ಮುಗಿಸಿದ್ದ ಮಾತು ಅದು: ಕಂದಾಯದ ಇನ್‌ಸ್ಪೆಕ್ಟರ್ ಬಂದು ಕೇಳಿದರೆ, ನಾವು ಇವರ ನೆಂಟರು, ಬಾಡಿಗೆಯಿಲ್ಲದೆ ಸುಮ್ಮನೆ ಇದ್ದೇವೆ ಅನ್ನಿ. ಇನ್‌ಸ್ಪೆಕ್ಟರ್ ನಿನ್ನೆ ಸಂಜೆ ಪಕ್ಕದ ಕ್ರಾಸ್ ಮುಗಿಸಿದ್ದ. ಇವತ್ತು ಬರುವುದು ಖಂಡಿತವೆಂದು ಸೋಮಲಿಂಗಪ್ಪ ಸ್ಕೂಲಿಗೆ ರಜೆಯನ್ನೂ ಹಾಕಿದ್ದ. ಬಾಯಿಯ ನೊರೆಯನ್ನು ದಾಸವಾಳದ ಬುಡಕ್ಕೆ ಉಗಿದು, ಮುಖ ತೊಳೆದ ಮೇಲೆ ಹೋಗೋಣ ಎಂದುಕೊಂಡ. ಮುಖ ತೊಳೆದ ಮೇಲೆ, ಕಾಫಿ ಕುಡಿದು ಹೋಗೋಣ ಎಂದುಕೊಂಡ.

ಈ ನೆಂಟಸ್ತಿಕೆಯ ಪದ್ಧತಿಯನ್ನು ಯಾರು ಶುರುಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ಯಡಿಯೂರು ಕೆರೆಯ ಸೊಳ್ಳೆಗಳಷ್ಟೇ ಸಹಜವಾಗಿ ಅದು ಜಯನಗರದ ಈ ಭಾಗಕ್ಕೆ ಬಂದು ನೆಲೆಸಿತ್ತು. ಬಾಡಿಗೆಗೆ ಕೊಟ್ಟ ಮನೆಗೆ ಕಂದಾಯ ಹೆಚ್ಚು, ತಾವೇ ಇರುವ ಮನೆಗೆ ಕಡಿಮೆ. ನೆಂಟರಿಷ್ಟರು ಬಂದು ಸುಮ್ಮನೆ ಇದ್ದರೆ ಅದೂ ತಾವೇ ಇದ್ದ ಹಾಗೆ. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಕಾರ್ಪೊರೇಷನ್ನಿನವರು ಮನೆಗಳ ಬೆಲೆ ಕಟ್ಟಲು ಬಂದಾಗ ಇಡೀ ಬೀದಿ ಒಂದೇ ಕುಟುಂಬವಾಗಿಬಿಡುತ್ತಿತ್ತು. ವರ್ಷವೆಲ್ಲ ನೀರಿಗೆ, ಬಟ್ಟೆ ಒಣಹಾಕುವ ತಂತಿಗೆ, ಗೇಟು ಹಾಕುವ ಹೊತ್ತಿಗೆ ಕಿತ್ತಾಡಿದವರು ಒಂದು ವಾರದ ಮಟ್ಟಿಗೆ ಅಣ್ಣ, ತಂಗಿ, ಸೋದರತ್ತೆ ಎಂದು ಬಾಯಿತುಂಬ ಕರೆದಾಡುತ್ತಿದ್ದರು. ಮೂಲೆಮನೆಯ ಕಾತ್ಯಾಯಿನಮ್ಮನ ಔಟ್‌ಹೌಸಿನಲ್ಲಿದ್ದ ಪಾಲಕ್ಕಾಡಿನ ಬ್ರಹ್ಮಚಾರಿ ಕಳೆದ ಸಲ ಆಕೆಯ ತಂಗಿಯ ಮಗನಾಗಿದ್ದ. ಕನ್ನಡ ಬಾರದ ತಂಗಿಯ ಮಗನನ್ನು ಗಂಟಲುನೋವೆಂದು ಕುತ್ತಿಗೆಗೆ ಮಫ್ಲರ್ ಸುತ್ತಿ ಕೂರಿಸಿದ್ದರು. ಇನ್‌ಸ್ಪೆಕ್ಟರ್ ಎದುರಿಗೇ ಆಕೆ ಅವನಿಗೆ ಮೆಣಸಿನ ಕಷಾಯ ಕುಡಿಸಿದಳಂತೆ. ಹಾರ್ಡ್‌ವೇರ್ ಅಂಗಡಿಯ ಚನ್ನಬಸವಯ್ಯನ ಮನೆಯಲ್ಲಿ ಬಾಡಿಗೆಗೆ ಮೂರು ಸಂಸಾರಗಳಿದ್ದವು. ಮೂವರು ಯಜಮಾನರೂ ಅವನ ಷಡ್ಡಕರು. ಅವನ ಹೆಂಡತಿಗೆ ಅಕ್ಕತಂಗಿಯರೇ ಇರಲಿಲ್ಲವೆಂಬುದು ಬೀದಿಗೆಲ್ಲ ಗೊತ್ತಿತ್ತು, ಕಾರ್ಪೊರೇಷನ್ನಿಗೆ ಗೊತ್ತಿರಲಿಲ್ಲ.

ಈ ಚನ್ನಬಸವಯ್ಯ ಬಡಾವಣೆಯ ನಾಗರಿಕ ಹಿತರಕ್ಷಣಾ ಸಂಘದ ಅಧ್ಯಕ್ಷ. ಸೋಮಲಿಂಗಪ್ಪ ಕಾರ್ಯದರ್ಶಿ, ಅಂದರೆ ಅರ್ಜಿ ಬರೆಯುವವನು. ಬೀದಿದೀಪ, ಮೋರಿ, ಖಾಲಿ ಸೈಟಿನಲ್ಲಿ ಬೆಳೆಯುತ್ತಿರುವ ಕಸದ ಗುಡ್ಡೆ, ಎಲ್ಲದಕ್ಕೂ ಅರ್ಜಿ. ಕಸ ಸುರಿಯುತ್ತಿದ್ದವರು ಸಂಘದ ಸದಸ್ಯರೇ ಆಗಿದ್ದರಿಂದ ಅದರ ವರ್ಣನೆ ಬಹಳ ನಿಖರವಾಗಿ ಬರುತ್ತಿತ್ತು. 'ಕಂದಾಯ ಕಟ್ಟುವ ಪ್ರಜೆಗಳಾದ ನಾವು' ಎಂದೇ ಅವನ ಪ್ರತಿಯೊಂದು ಅರ್ಜಿಯೂ ಶುರುವಾಗುವುದು. ಹೈಸ್ಕೂಲಿನಲ್ಲಿ ಅವನು ಹೇಳಿಕೊಡುತ್ತಿದ್ದದ್ದು ಪೌರನೀತಿ. ತೆರಿಗೆಗಳನ್ನು ಸಕಾಲದಲ್ಲಿ ಸಂದಾಯ ಮಾಡುವುದು ಪ್ರಜೆಯ ಆದ್ಯ ಕರ್ತವ್ಯ, ಅಡಿಗೆರೆ ಹಾಕ್ಕೊಳ್ಳಿ, ಎರಡು ಮಾರ್ಕಿಗೆ ಬರುತ್ತೆ, ಎಂದು ಎಷ್ಟು ತಲೆಮಾರಿನ ಮಕ್ಕಳಿಗೆ ಬರೆಸಿದ್ದನೋ. ಎರಡು ಮಾರ್ಕಿಗಿಂತ ಹೆಚ್ಚಿನದೇನನ್ನೂ ಅವನು ಆ ವಾಕ್ಯದಿಂದ ಬಯಸಿದವನಲ್ಲ. ಮೊದಲು ದೀಪ ಹಾಕಲಿ, ಆಮೇಲೆ ಕಂದಾಯ ಕಟ್ಟೋಣ ಎಂದು ಬೀದಿ. ಮೊದಲು ಕಟ್ಟಲಿ, ಆಮೇಲೆ ದೀಪ ಹಾಕೋಣ ಎಂದು ಕಾರ್ಪೊರೇಷನ್ನಿನವರು. ಈ ಸಭ್ಯ ಸಂವಾದ ನಡೆಯುತ್ತಿರುವಷ್ಟು ವರ್ಷವೂ ಎಲ್ಲರೂ ಟಾರ್ಚ್ ಹಿಡಿದುಕೊಂಡು ಓಡಾಡಿದರು. ಎಲ್ಲರೂ ತಪ್ಪಿಸುವಾಗ ತಾನೊಬ್ಬ ಕಟ್ಟಿದರೆ ಅದು ಪ್ರಾಮಾಣಿಕತೆಯಲ್ಲ, ಪೆದ್ದುತನ. ಈ ವಿಷಯದಲ್ಲಿ ಸೋಮಲಿಂಗಪ್ಪನಿಗೆ ಯಾವ ಗೊಂದಲವೂ ಇರಲಿಲ್ಲ. ಸುಳ್ಳು ಅವನನ್ನು ಕಾಡುತ್ತಿರಲಿಲ್ಲ. ಕಾಡುತ್ತಿದ್ದದ್ದು, ಆ ಸುಳ್ಳನ್ನು ಸಂಜೀವಯ್ಯನ ಬಗ್ಗೆ ಹೇಳಬೇಕಾಗಿತ್ತಲ್ಲ, ಅದು.

ಸಂಜೀವಯ್ಯ ಸರ್ಕಾರಿ ಕಛೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಮನೆ ಕೇಳಲು ಬಂದ ದಿನ, ಸೋಮಲಿಂಗಪ್ಪ ಸುತ್ತಿಬಳಸಿ 'ನೀವು ಯಾವ ಪೈಕಿ' ಎಂದು ಕೇಳಿದಾಗ, 'ನಾವು ಬೌದ್ಧರು ಸಾರ್' ಎಂದಿದ್ದ. ಆ ಕ್ಷಣಕ್ಕೆ ಮೇಷ್ಟರ ಕಣ್ಣಮುಂದೆ ಬಂದದ್ದು ಪಠ್ಯಪುಸ್ತಕದ ಬೋಧಿವೃಕ್ಷ. ಅರ್ಥವಾಗುವಷ್ಟರಲ್ಲಿ ಅಡ್ವಾನ್ಸ್ ಕೈಯಲ್ಲಿತ್ತು. ಬಾಡಿಗೆ ಸ್ವಲ್ಪ ಹೆಚ್ಚೇ ಹೇಳಿದ್ದ. ಸಂಜೀವಯ್ಯ ಚೌಕಾಸಿ ಮಾಡಿರಲಿಲ್ಲ, ಯಾಕೆ ಮಾಡಲಿಲ್ಲವೆಂದು ಸೋಮಲಿಂಗಪ್ಪ ಕೇಳಿಕೊಳ್ಳಲೂ ಇಲ್ಲ. ಆಮೇಲೆ ಅದನ್ನೇ ಒಂದು ಹಿರಿಮೆ ಮಾಡಿಕೊಂಡ. ಬಸವ ಜಯಂತಿಯ ದಿನ ಸಂಘದ ಪೆಂಡಾಲಿನಲ್ಲಿ, 'ಸಮಾನತೆ ಭಾಷಣದಲ್ಲಿ ಬೇಡ, ಮನೆಯಲ್ಲಿ ಬೇಕು' ಎಂದು ಹೇಳಿ ಮಹಡಿಯ ಕಡೆಗೆ ಕೈ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಮೆಟ್ಟಿಲು ಹೊರಗಿನಿಂದಲೇ ಇತ್ತು. ಮೇಲಿನವರಿಗೆಂದು ನೀಲಗಂಗಮ್ಮ ಹೊರಗೊಂದು ನಲ್ಲಿಯನ್ನೂ ಹಾಕಿಸಿದ್ದಳು. ಹಳ್ಳಿಯಲ್ಲಿ ಅಪ್ಪನ ಹೊಲ ನೋಡಿಕೊಳ್ಳುತ್ತಿದ್ದ ಮಾರಯ್ಯನನ್ನು ಸೋಮಲಿಂಗಪ್ಪ ಅಣ್ಣ ಎಂದೇ ಕರೆದು ಬೆಳೆದವನು. ಮಾರಯ್ಯಣ್ಣ ಹೆಗಲ ಮೇಲೆ ಹೊತ್ತು ಗದ್ದೆ ದಾಟಿಸುತ್ತಿದ್ದ. ಮನೆ ಹತ್ತಿರ ಬರುತ್ತಿದ್ದಂತೆ ಇಳಿಸಿ ಕೊಟ್ಟಿಗೆಯ ಕಡೆ ಹೋಗುತ್ತಿದ್ದ. ಅಪ್ಪ ಬಂದವರಿಗೆಲ್ಲ 'ಮಾರಯ್ಯ ನಮ್ಮ ಮನೆಯವನಿದ್ದ ಹಾಗೆ' ಎನ್ನುತ್ತಿದ್ದರು. 'ಹಾಗೆ' ಅನ್ನುವಷ್ಟಕ್ಕೆ ಏನೂ ಖರ್ಚಾಗುತ್ತಿರಲಿಲ್ಲ. ಈ ಕಾರ್ಪೊರೇಷನ್ನಿನವರು ಆ 'ಹಾಗೆ'ಯನ್ನು ಒಪ್ಪುವವರಲ್ಲ.

"ಏನ್ರೀ, ಕಾಫಿ ಆರಿಹೋಯ್ತು," ಎಂದಳು ನೀಲಗಂಗಮ್ಮ. "ಮೇಲೆ ಹೋಗಿ ಹೇಳಿದ್ರಾ?"

"ಇಲ್ಲ. ಹೋಗ್ತೀನಿ."

"ನೆಂಟರು ಅಂತಾನೇ ಹೇಳ್ಬೇಕಾ? ಫ್ರೆಂಡು ಅಂದ್ರೆ ಆಗಲ್ವಾ?"

"ಫ್ರೆಂಡಿಗೆ ಯಾರು ಸುಮ್ನೆ ಮನೆ ಬಿಟ್ಕೊಡ್ತಾರೆ? ಅವನು ನಂಬ್ತಾನಾ?"

"ಹಂಗಾದ್ರೆ ನಿಮ್ಮ ಕಡೆ ನೆಂಟರು ಅನ್ನಿ," ಎಂದಳು ಲೋಟ ಎತ್ತಿಕೊಳ್ಳುತ್ತ. "ನಮ್ಮಪ್ಪನ ಕಡೆ ತರಬೇಡಿ, ಕೈ ಮುಗೀತೀನಿ."

ಎಲ್ಲಿಂದಲೋ ಬಂದ ಸಿಟ್ಟಿನಲ್ಲಿ ಅವನು ಮೆಟ್ಟಿಲು ಹತ್ತಿಬಿಟ್ಟ. ಸಂಜೀವಯ್ಯ ಕಿಟಕಿಗೆ ಕನ್ನಡಿ ಒರಗಿಸಿ ಶೇವ್ ಮಾಡಿಕೊಳ್ಳುತ್ತಿದ್ದ. "ಬನ್ನಿ ಸಾರ್, ಬನ್ನಿ. ಜಯಾ, ಮೇಷ್ಟ್ರು ಬಂದಿದಾರೆ, ಚೇರ್ ಹಾಕು," ಎಂದು ಒಳಗಿದ್ದ ಹೆಂಡತಿಯನ್ನು ಕರೆದ. ಸೋಮಲಿಂಗಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತ, ಕೂರಲಿಲ್ಲ. ಗೋಡೆಯಲ್ಲಿ ಬುದ್ಧನ ಪಟ. ಅರೆಮುಚ್ಚಿದ ಆ ಕಣ್ಣು ತನ್ನನ್ನೇ ನೋಡುತ್ತಿದೆಯೋ, ನೋಡದಿರಲೆಂದು ಮುಚ್ಚಿದೆಯೋ ಅವನಿಗೆ ತಿಳಿಯಲಿಲ್ಲ.

"ಇವತ್ತು ಕಂದಾಯದೋರು ಬರ್ತಾರೆ..."

"ಗೊತ್ತು ಸಾರ್. ಕಾತ್ಯಾಯಿನಮ್ಮನೋರ ಔಟ್‌ಹೌಸ್ ಹುಡುಗ ಹೇಳ್ತಿದ್ದ. ಈ ಸಲ ಗಂಟಲುನೋವು ಬೇಡ, ಸ್ವಲ್ಪ ಕನ್ನಡ ಕಲ್ತಿದೀನಿ ಅಂತ."

"ಅದೇ... ಎಲ್ಲಾ ಕಡೆ ನಡೆಯೋದೇ... ನೀವೂ ಸ್ವಲ್ಪ... ನೆಂಟರು ಅಂತ..."

ಸಂಜೀವಯ್ಯ ಕೆನ್ನೆಯ ನೊರೆ ಒರೆಸಿಕೊಂಡ. "ಅದಕ್ಕೇನಂತೆ ಸಾರ್, ಹೇಳೋಣ. ಏನಾಗ್ಬೇಕು ನಾನು ನಿಮಗೆ?"

ಇದೊಂದು ಪ್ರಶ್ನೆಯನ್ನು ಸೋಮಲಿಂಗಪ್ಪ ಯೋಚಿಸಿಯೇ ಇರಲಿಲ್ಲ. ನೆಂಟ ಎನ್ನುವ ಮಾತು ಇಷ್ಟು ಹೊತ್ತು ಒಂದು ಮಂಜಿನ ಹಾಗೆ ಇತ್ತು. ಈಗ ಅದಕ್ಕೆ ಕೈಕಾಲು ಬೇಕು. ಭಾವಮೈದ ಅನ್ನೋಣವೆಂದರೆ ನೀಲಗಂಗಮ್ಮನ ತಾಯಿಯನ್ನು ಎಳೆದು ತಂದಂತಾಗುತ್ತದೆ. ಅಳಿಯ? ಮಗಳಿದ್ದಾಳೆ ಮನೆಯಲ್ಲಿ, ಬಿಡು ಬಿಡು. ಷಡ್ಡಕನೆಂದರೆ ನಾದಿನಿಯನ್ನು ಕೊಟ್ಟಂತಾಗುತ್ತದೆ. ಯಾವ ಸಂಬಂಧದ ಬಾಗಿಲು ತೆರೆದರೂ ಒಳಗೆ ತನ್ನ ಮನೆಯ ಹೆಂಗಸೊಬ್ಬಳು ನಿಂತಿದ್ದಳು. ಹೆಂಗಸರಿಲ್ಲದ ನೆಂಟಸ್ತಿಕೆ ಯಾವುದಾದರೂ ಇದೆಯೇ ಎಂದು ಅವನು ನಿಂತಲ್ಲೇ ಹುಡುಕಿದ. ಹೀಗೆ ಹುಡುಕುತ್ತಿರುವುದು ಸಂಜೀವಯ್ಯನಿಗೆ ಕಾಣುತ್ತಿದೆಯೆಂಬುದೂ ಗೊತ್ತಾಗಿ ನಾಚಿಕೆಯಾಯಿತು.

"ದೂರದ ಸಂಬಂಧ ಅನ್ನಿ," ಎಂದ.

"ಎಷ್ಟು ದೂರ ಸಾರ್? ಅವರು ಕೇಳಿದ್ರೆ?"

ಉತ್ತರ ಹೇಳಿದ್ದು ಜಯಾ. "ಅಣ್ಣತಮ್ಮ ಅಂದ್ಬಿಡಿ, ಸುಲಭ. ಚಿಕ್ಕಪ್ಪನ ಮಕ್ಕಳು. ನಾನು ಇವರನ್ನ ಭಾವ ಅಂತೀನಿ. ನೀಲಗಂಗಮ್ಮನೋರನ್ನ ಹೆಂಗೂ ಅಕ್ಕ ಅಂತಾನೇ ಕರಿಯೋದು." ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟ. ಹಬ್ಬಕ್ಕೆ ಯಾವ ಅಡುಗೆ ಎಂದು ತೀರ್ಮಾನಿಸಿದಷ್ಟು ಸಲೀಸಾಗಿ ಅವಳು ಅವನ ವಂಶವನ್ನು ತೀರ್ಮಾನಿಸಿದ್ದಳು. ಸೋಮಲಿಂಗಪ್ಪನಿಗೆ ಚಿಕ್ಕಪ್ಪ ನೆನಪಾದರು: ಮೈತುಂಬ ವಿಭೂತಿ ಹಚ್ಚಿಕೊಂಡು ಹೋಟೆಲಿನ ನೀರನ್ನೂ ಮುಟ್ಟದೆ ಬದುಕಿ, ಮಕ್ಕಳಿಲ್ಲದೆ ತೀರಿಕೊಂಡ ಚಿಕ್ಕಪ್ಪ. ಕಾರ್ಪೊರೇಷನ್ನಿನ ಕೃಪೆಯಿಂದ ಅವರಿಗೆ ಈಗ ಒಬ್ಬ ಮಗ ಹುಟ್ಟಿದ್ದ. "ಹಾಗೇ ಅನ್ನಿ," ಎಂದು ಹೇಳಿ ಅವನು ದಡದಡ ಇಳಿದುಬಂದ.

ಇನ್‌ಸ್ಪೆಕ್ಟರ್ ಗುರುಶಾಂತಪ್ಪ ಬಂದಾಗ ಬಿಸಿಲು ಏರಿತ್ತು. ಬಗಲಲ್ಲಿ ಕೊಡೆ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಆ ವಿಭೂತಿ ಕಂಡೇ ಸೋಮಲಿಂಗಪ್ಪನ ಎದೆ ಧಸಕ್ಕೆಂದಿತು. ಬೇರೆ ಯಾರಾಗಿದ್ದರೂ ನೆಂಟರೆಂದರೆ ಬರೆದುಕೊಂಡು ಹೋಗುತ್ತಿದ್ದರು. ನಮ್ಮವರೇ ಆದರೆ ನಿಂತು ವಿಚಾರಿಸುತ್ತಾರೆ.

"ಮೇಲ್ಗಡೆ ಯಾರು ಮೇಷ್ಟ್ರೇ?"

"ನೆಂಟರು."

"ಈ ಬೀದೀಲಿ ಎಲ್ಲಾರೂ ನೆಂಟರೇ! ನಮ್ಮೂರಲ್ಲೂ ಇಷ್ಟು ಒಗ್ಗಟ್ಟಿಲ್ಲ ಸಾರ್." ಗುರುಶಾಂತಪ್ಪ ನಕ್ಕು, ಗೋಡೆಯ ಮೇಲಿದ್ದ ಮಠದ ಸ್ವಾಮಿಗಳ ಫೋಟೋ ನೋಡಿ ಕುರ್ಚಿಯಲ್ಲಿ ಸಡಿಲಾಗಿ ಕೂತ. "ಓಹೋ, ನಮ್ಮೋರೇ ಅನ್ನಿ. ಹಂಗಾದ್ರೆ ಕರೀರಿ ನೆಂಟರನ್ನ, ಮಾತಾಡೋಣ."

ಕರೆಯುವ ಮೊದಲೇ ಅವರು ಬಂದುಬಿಟ್ಟಿದ್ದರು. ಸಂಜೀವಯ್ಯ ಮೆಟ್ಟಿಲ ಮೇಲೆ ನಿಂತೇ ಒಂದು ಮಾತು ಹೇಳಿ ಮುಗಿಸುತ್ತಾನೆಂದು ಸೋಮಲಿಂಗಪ್ಪ ಲೆಕ್ಕ ಹಾಕಿದ್ದ. ಆದರೆ ಒಪ್ಪಿಕೊಂಡ ಕೆಲಸವನ್ನು ಅರ್ಧಂಬರ್ಧ ಮಾಡುವವನಲ್ಲ ಸಂಜೀವಯ್ಯ. ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಹಿಂದೆ ಜಯಾಳನ್ನು ಕರೆದುಕೊಂಡು, ಮುಂಬಾಗಿಲಿನಿಂದ ಹಾಲಿಗೆ ಬಂದು, "ಏನಣ್ಣ ಕರೆದ್ಯಂತೆ," ಎಂದು ಪಕ್ಕದ ಕುರ್ಚಿ ಎಳೆದು ಕೂತು, ತಾವು ಚಿಕ್ಕಪ್ಪನ ಮಕ್ಕಳೆಂದು ಇನ್‌ಸ್ಪೆಕ್ಟರಿಗೆ ಪರಿಚಯ ಹೇಳಿದ. ಇಷ್ಟು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನೆಂಟನಾದ ಮೇಲೆ ಹಾಗೇ ತಾನೇ ಬರಬೇಕು.

"ಚಿಕ್ಕಪ್ಪನ ಮಕ್ಕಳಾ?" ಗುರುಶಾಂತಪ್ಪ ಇಬ್ಬರನ್ನೂ ನೋಡಿ ತಲೆಯಾಡಿಸಿದ. "ಮೂಗು ಮಾತ್ರ ಒಂದೇ ಅಚ್ಚು ನೋಡಿ."

ಸೋಮಲಿಂಗಪ್ಪನ ಕೈ ತಾನಾಗಿ ಮೂಗಿಗೆ ಹೋಯಿತು.

"ಒಂದು ವಿಷಯ ಕೇಳ್ತೀನಿ, ತಪ್ಪು ತಿಳೀಬೇಡಿ. ನಮ್ಮಕ್ಕನ ಮಗಳು ಒಬ್ಬಳಿದಾಳೆ, ಬಿ.ಎಸ್ಸಿ. ಆಗಿದೆ. ನಿಮ್ಮ ಕಡೆ ಗಂಡು ಯಾರಾದ್ರೂ..."

"ನನ್ನ ತಮ್ಮ ಇದಾನೆ ಸಾರ್," ಎಂದ ಸಂಜೀವಯ್ಯ ಗಂಭೀರವಾಗಿ. "ಬ್ಯಾಂಕಲ್ಲಿ ಕೆಲಸ."

ಗುರುಶಾಂತಪ್ಪ ಮುಂದಕ್ಕೆ ಬಗ್ಗಿದ. ಸಂಜೀವಯ್ಯನ ತುಟಿ ನಗುತ್ತಿದೆಯೇ? ಸೋಮಲಿಂಗಪ್ಪನಿಗೆ ಹಾಲಿನ ಗೋಡೆಗಳು ಹತ್ತಿರ ಬಂದಂತಾಯಿತು. ನಾಳೆ ಜಾತಕ, ನಾಡಿದ್ದು ಮಠ, ಆಚೆ ನಾಡಿದ್ದು ಊರಲ್ಲೆಲ್ಲ ತನ್ನ ಹೆಸರು. ಸಾವರಿಸಿಕೊಳ್ಳುವಷ್ಟರಲ್ಲಿ ಜಯಾ ಎದ್ದಳು. "ಪಾಪ, ಅಕ್ಕ ಒಬ್ಬರೇ ಇದಾರೆ. ಕಾಫಿಗೆ ನಾನೂ ಕೈ ಹಾಕ್ತೀನಿ," ಎಂದು ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ಕಡೆ ನಡೆದಳು. ಯಾವ ಮನೆಯ ಓರಗಿತ್ತಿಯೂ ಮಾಡುವುದನ್ನೇ ಅವಳು ಮಾಡುತ್ತಿದ್ದಳು. ಹಾಲಿನಿಂದ ಅಡುಗೆಮನೆಗೆ ಎಷ್ಟು ದೂರ? ಅವಳು ಅದನ್ನು ದಾಟುತ್ತಿರುವಾಗ ಸೋಮಲಿಂಗಪ್ಪನಿಗೆ ಒಳಗಿನ ಲಿಂಗಪೂಜೆಯ ಮಣೆ, ಅವ್ವನ ಕಾಲದ ನೀರಿನ ಹಂಡೆ, ಒಲೆಯ ಮುಂದೆ ತಿರುಗಿ ನೋಡಲಿರುವ ನೀಲಗಂಗಮ್ಮನ ಮುಖ, ಎಲ್ಲ ಒಟ್ಟಿಗೇ ಕಂಡವು. ಜಯಾಳ ಕೈ ಅಡುಗೆಮನೆಯ ಪರದೆಯನ್ನು ಸರಿಸಿತು.

"ನಿಲ್ಲಿ!" ಸೋಮಲಿಂಗಪ್ಪ ಎದ್ದು ನಿಂತಿದ್ದ. ಅಷ್ಟು ಕರ್ಕಶವಾದ ಧ್ವನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. "ಅವರು ನೆಂಟರಲ್ಲ! ಬಾಡಿಗೆಯೋರು! ಸುಳ್ಳು ಹೇಳಿದೆ, ಬಾಡಿಗೆಯೋರು ಅವರು!"

ಜಯಾ ಪರದೆ ಹಿಡಿದುಕೊಂಡೇ ತಿರುಗಿದಳು. ಅವಳ ಮುಖದಲ್ಲಿ ಮೊದಲು ಅರ್ಥವಾಗದ ಒಂದು ನಗು ಉಳಿದಿತ್ತು. ಅದು ಇಳಿದುಹೋಗುವುದನ್ನು ಸೋಮಲಿಂಗಪ್ಪ ನೋಡಬೇಕಾಯಿತು.

"ಹಂಗಾದ್ರೆ ನಾನು ಮೇಲೆ ಹೋಗ್ಲಾ?" ಎಂದು ಕೇಳಿದಳು.

ಅವಳು ಪರದೆಯನ್ನು ಮೊದಲಿದ್ದಂತೆ ಸರಿಪಡಿಸಿ, ಹಾಲ್ ದಾಟಿ, ಮುಂಬಾಗಿಲಿನಿಂದ ಇಳಿದು ಮನೆ ಸುತ್ತಿಕೊಂಡು ಹೋದಳು. ಹೊರಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಸಂಜೀವಯ್ಯ ಎದ್ದು, ಎಳೆದುಕೊಂಡಿದ್ದ ಕುರ್ಚಿಯನ್ನು ಗೋಡೆಗೆ ಸೇರಿಸಿ, ತಾನು ಕೊಡುವ ಬಾಡಿಗೆ ಎಷ್ಟೆಂದು ಇನ್‌ಸ್ಪೆಕ್ಟರಿಗೆ ಸ್ಪಷ್ಟವಾಗಿ ಹೇಳಿ, "ಆಫೀಸಿಗೆ ಹೊತ್ತಾಯ್ತು ಸಾರ್," ಎಂದು ಹೊರಡುವ ತಯಾರಿಗೆ ಮೇಲೆ ಹೋದ.

ಗುರುಶಾಂತಪ್ಪನ ಕಣ್ಣು ತೇವವಾಗಿತ್ತು. "ಮೇಷ್ಟ್ರೇ, ಇಷ್ಟು ವರ್ಷದ ಸರ್ವೀಸಲ್ಲಿ ಇದೇ ಮೊದಲು. ತಾವಾಗಿ ಎದ್ದು ನಿಂತು ನಿಜ ಹೇಳಿದ ಮನುಷ್ಯನ್ನ ಇವತ್ತು ಕಂಡೆ. ಮನಸ್ಸಾಕ್ಷಿ ತಡೀಲಿಲ್ಲ ಅಲ್ವಾ?"

"ಹೂಂ," ಎಂದ ಸೋಮಲಿಂಗಪ್ಪ.

ಆ ಒಂದು 'ಹೂಂ' ಎಷ್ಟು ಸುಲಭವಾಗಿ ಬಂತೆಂದರೆ, ಇನ್‌ಸ್ಪೆಕ್ಟರ್ ಕಾಫಿ ಕುಡಿದು, ಕೈ ಕುಲುಕಿ ಹೋದಮೇಲೂ ಅದು ಬಾಯಲ್ಲಿ ಸಿಹಿಯಾಗಿಯೇ ಇತ್ತು. ಮಹಡಿಯಲ್ಲಿ ಸದ್ದಿರಲಿಲ್ಲ. ಸೋಮಲಿಂಗಪ್ಪ ಕಣ್ಣು ಮುಚ್ಚಿದರೆ ಪರದೆಯ ಮೇಲಿನ ಕೈ ಕಾಣುತ್ತಿತ್ತು. ಕಣ್ಣು ತೆರೆದು ಅದರ ಮೇಲೆ ಮನಸ್ಸಾಕ್ಷಿ ಎಂಬ ಮಾತನ್ನು ಹೊದಿಸಿದ. ಹೊದಿಸಿದಂತೆ ಅದು ಮುಚ್ಚಿಕೊಂಡಿತು. ಅಲ್ಲ, ತಾನು ಹೇಳಿದ್ದು ನಿಜ ತಾನೇ? ಅವರು ಬಾಡಿಗೆಯವರು ತಾನೇ? ಕಂದಾಯ ಪೂರ್ತಿ ಕಟ್ಟುವವನು ತಾನು ತಾನೇ? ಯಾವ ಕಾರಣಕ್ಕೆ ಹೇಳಿದರೇನು, ಪೌರನೀತಿಯಲ್ಲಿ ಕಾರಣಕ್ಕೆ ಮಾರ್ಕಿಲ್ಲ. ಇನ್ನು ಮುಂದೆ ಅರ್ಜಿಯ ಮೊದಲ ಸಾಲನ್ನು ಬೀದಿಯಲ್ಲಿ ಒಬ್ಬನಾದರೂ ನಾಚಿಕೆಯಿಲ್ಲದೆ ಬರೆಯಬಹುದು. ಇಡೀ ಜಯನಗರದಲ್ಲಿ ತಾನೊಬ್ಬನೇ ನಾಗರಿಕ ಎನಿಸಿ ಅವನಿಗೆ ಎದೆ ತುಂಬಿಬಂತು. ಆಗ ಗೇಟು ಧಡಾರೆಂದು ತೆರೆದುಕೊಂಡು ಚನ್ನಬಸವಯ್ಯ ನುಗ್ಗಿದ.

"ಏನ್ ಮೇಷ್ಟ್ರೇ, ತಲೆ ನೆಟ್ಟಗಿದೆಯಾ? ಆ ಮಹಾನುಭಾವ ನಮ್ಮನೇಲಿ ಕೂತ್ಕೊಂಡು ನಿಮ್ಮ ಪುರಾಣ ಹೇಳ್ತಾವ್ನೆ. ಅವರನ್ನ ನೋಡಿ ಕಲೀರಿ ಅಂತ ನಮ್ಗೆ! ನನ್ನ ಹೆಂಡ್ತೀನ ಕರೆದು, ನಿಮಗೆ ಎಷ್ಟು ಜನ ತಂಗೀರಮ್ಮ ಅಂತ ಕೇಳಿದ. ಅವಳು ಗಾಬರಿಯಾಗಿ ಇಬ್ಬರು ಅಂದ್ಬಿಟ್ಳು!"

"ನೋಡಿ ಚನ್ನಬಸವಯ್ಯ, ಮನಸ್ಸಾಕ್ಷಿ ಅನ್ನೋದು..."

"ಮನಸ್ಸಾಕ್ಷಿನಾ? ನಿಮಗಾ? ಕಳೆದ ಸಲ ಎಲ್ಲಿಗೆ ಹೋಗಿತ್ತು? ನೆಂಟರು ಅನ್ನೋ ಐಡಿಯಾ ಕಾತ್ಯಾಯಿನಮ್ಮಂಗೆ ಹೇಳಿಕೊಟ್ಟೋರು ನೀವೇ ಅಲ್ವೇನ್ರೀ? ಇವತ್ತು ನೀವೊಬ್ರು ಹರಿಶ್ಚಂದ್ರ ಆಗಿ ನಮ್ಮನ್ನೆಲ್ಲ ಕಳ್ಳರನ್ನ ಮಾಡಿದ್ರಿ. ಸಂಘದಲ್ಲಿ ನಿಮ್ಮ ಮುಖ ಯಾರು ನೋಡ್ತಾರೆ? ನಾಳೆ ಮಗಳ ಮದುವೆ ಅಂತ ಬನ್ನಿ, ಈ ಬೀದಿಯಿಂದ ಒಬ್ಬ ಬಂದು ಅಕ್ಷತೆ ಹಾಕ್ತಾನಾ ನೋಡ್ತೀನಿ!"

ಸೋಮಲಿಂಗಪ್ಪನಿಗೆ ನಿಜಕ್ಕೂ ಭಯವಾಯಿತು. ಕಂದಾಯ ಹೋದರೆ ಹೋಗಲಿ. ಈ ಜನ ಹೋದರೆ ಅವನಿಗೆ ಏನು ಉಳಿಯಿತು? ಅವನನ್ನು ಮೇಷ್ಟ್ರೇ ಎಂದು ಕರೆಯುವವರು, ಅವನ ಅರ್ಜಿಗೆ ಸಹಿ ಹಾಕುವವರು, ಹಬ್ಬಕ್ಕೆ ಒಬ್ಬಟ್ಟು ಕಳಿಸುವವರು ಇವರೇ. ಪ್ರಾಮಾಣಿಕನೆಂಬ ಹೆಸರು ಅರ್ಧ ಗಂಟೆಯ ಹಿಂದೆ ಬಂದದ್ದು. ಅದನ್ನು ಬಿಟ್ಟುಕೊಟ್ಟರೆ ಉಳಿದದ್ದೆಲ್ಲ ವಾಪಸ್ಸು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೇಳಬಾರದು, ಹೇಳಬಾರದು ಎಂದುಕೊಳ್ಳುತ್ತಲೇ ಅವನು ತಗ್ಗಿದ ಧ್ವನಿಯಲ್ಲಿ ಹೇಳಿದ: "ಆಯಮ್ಮ ಅಡುಗೆಮನೆಗೆ ಹೋಗ್ತಿದ್ಲು ಕಣ್ರೀ."

"ಯಾರು?"

"ಮೇಲಿನೋಳು. ನೆಂಟರು ಅಂದಿದ್ದಕ್ಕೆ ಸೀದಾ ಒಳಗೇ ಹೋಗೋಕೆ... ಪರದೆ ಸರಿಸಿದ್ಲು. ನಾನೇನ್ ಮಾಡ್ಲಿ? ಬಾಯಿಂದ ಬಂದ್ಬಿಡ್ತು."

ಚನ್ನಬಸವಯ್ಯನ ಸಿಟ್ಟೆಲ್ಲ ಒಂದೇ ಸಲಕ್ಕೆ ಇಳಿದುಹೋಗಿ ಮುಖದಲ್ಲಿ ಕನಿಕರ ಬಂತು. ಹತ್ತಿರ ಬಂದು ಸೋಮಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟ.

"ಅಯ್ಯೋ ಮೇಷ್ಟ್ರೇ, ಮೊದಲೇ ಹೇಳಬಾರದಾ? ನಾನು ಬೇರೆ ಏನೋ ಅಂದ್ಕೊಂಡೆ. ಅಡುಗೆಮನೆ ಅಂದ್ಮೇಲೆ ಇನ್ನೇನು ಮಾಡ್ತೀರಿ? ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ನೀವು ಬೇಜಾರು ಮಾಡ್ಕೋಬೇಡಿ, ಎಲ್ಲಾರಿಗೂ ನಾನು ಹೇಳ್ತೀನಿ. ಯಾರೂ ತಪ್ಪು ತಿಳ್ಕೊಳಲ್ಲ."

ಸೋಮಲಿಂಗಪ್ಪನ ಮೈ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ಅವನಿಗೆ ಹೇಸಿಗೆಯೂ ಆಯಿತು, ಆದರೆ ಹಗುರ ಮೊದಲು ಬಂತು. ತಲೆಯೆತ್ತಿದರೆ, ಮನೆಯ ಪಕ್ಕದಿಂದ ಸ್ಕೂಟರ್ ತಳ್ಳಿಕೊಂಡು ಬಂದ ಸಂಜೀವಯ್ಯ ಗೇಟಿನ ಬಳಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮುಖದಲ್ಲಿ ಎಂದಿನ ಮರ್ಯಾದೆ.

"ಇನ್‌ಸ್ಪೆಕ್ಟರ್ ನಿಮ್ಮನೇಲೇ ಇದಾರಾ ಸಾರ್?" ಎಂದು ಅವನು ಚನ್ನಬಸವಯ್ಯನನ್ನು ಕೇಳಿದ.

"ಇದಾರೆ. ಯಾಕೆ?"

"ಒಂದು ಮಾತು ಹೇಳಿ ಅವರಿಗೆ. ಮನೆಮನೆಗೂ ಹೀಗೆ ಕೇಳ್ಕೊಂಡು ಅಲೆಯೋದ್ಯಾಕೆ, ಪಾಪ. ನಮ್ಮಿಬ್ಬರನ್ನ ಜೊತೇಲಿ ಕರ್ಕೊಂಡು ಹೋಗ್ಲಿ. ನನ್ನ ಹೆಂಡ್ತಿ ಎಲ್ಲರ ಮನೇಲೂ ಅಡುಗೆಮನೆ ಪರದೆ ಸರಿಸ್ತಾಳೆ. ಜಯನಗರ ಪೂರ್ತಿ ಸಾಯಂಕಾಲದ ಒಳಗೆ ಕಂದಾಯ ಕಟ್ಟಿಬಿಡುತ್ತೆ."

ಚನ್ನಬಸವಯ್ಯ ತಮಾಷೆಯೆಂದು ತೀರ್ಮಾನಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗದೆ ನಿಂತರೆ ಅರ್ಥವಾಗಿದೆಯೆಂದು ಗೊತ್ತಾಗುತ್ತದಲ್ಲ, ಸೋಮಲಿಂಗಪ್ಪನೂ ನಕ್ಕ. ಸಂಜೀವಯ್ಯ ಸ್ಕೂಟರಿಗೆ ಕಿಕ್ ಹೊಡೆದು ಹೊರಟುಹೋದ ಮೇಲೂ ಸೋಮಲಿಂಗಪ್ಪನ ನಗು ನಿಲ್ಲಲಿಲ್ಲ, ಒಳಗಿನಿಂದ ನೀಲಗಂಗಮ್ಮ ಬಂದು, "ಯಾಕ್ರೀ, ಏನಾಯ್ತು?" ಎಂದು ಕೇಳುವವರೆಗೂ.